ಕಡಲ ತಳದ ಕೀರ್ದಿ



ಮಳೆಗಾಲ ಹಿಡಿಯಿತೆಂದರೆ ನಮ್ಮ ಶಿರೋಳ ತಾಲೂಕಿನ ಕಟ್ಟೆಗಳ ಮೇಲೆ ಎರಡೇ ಮಾತು. ಒಂದು, ‘ಹೊಳಿಗೆ ನೀರು ಎಷ್ಟು ಬಂದದ?’ ಎರಡು, ‘ಇಂಥಾ ನೀರು ಹಿಂದ ಎಂದಾದರೂ ಬಂದಿತ್ತೇನು?’ ಮೊದಲನೆಯದಕ್ಕೆ ಸೇತುವೆಯ ಕಂಬದ ಗುರುತು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಹಿರಿಯರ ಮುಖ ನೋಡಬೇಕು. ೨೦೦೫ರಲ್ಲಿ ಕೃಷ್ಣೆ-ಪಂಚಗಂಗೆಗಳು ಉಕ್ಕಿ ಬಂದಾಗ ‘ಇದಕ್ಕಿಂತ ಹೆಚ್ಚಿನದು ಇನ್ನಿಲ್ಲ’ ಎಂದು ಎಲ್ಲರೂ ತಿಳಿದರು. ೨೦೧೯ರ ಆಗಸ್ಟ್ ತಿಂಗಳಲ್ಲಿ ಆ ಗುರುತೂ ಮುಳುಗಿತು. ೨೦೨೧ರ ಜುಲೈಯಲ್ಲಿ ಜನ ಮತ್ತೊಮ್ಮೆ ದನಕರು ಹೊಡೆದುಕೊಂಡು ಎತ್ತರದ ಊರುಗಳಿಗೆ ಹೋಗಬೇಕಾಯಿತು. ಬರಗಾಲದ ಮಾತೂ ಹಾಗೆಯೇ. ನಮ್ಮ ವಯಸ್ಸಿನವರಿಗೆ ಬರ ಎಂದರೆ ೧೯೭೨. ಅದರ ಹಿಂದಿನದೆಲ್ಲ ಕೇಳಿದ ಮಾತು.

ಮನುಷ್ಯನ ನೆನಪು ಮೂರು ತಲೆಮಾರಿಗೆ ಮುಗಿಯುತ್ತದೆ. ಸರಕಾರದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ೧೮೭೫ರಲ್ಲಿ. ಅಂದರೆ ದೇಶದ ಮಳೆಯ ವ್ಯವಸ್ಥಿತವಾದ ಲೆಕ್ಕ ಹೆಚ್ಚುಕಡಿಮೆ ನೂರೈವತ್ತು ವರ್ಷದ್ದು. ಒಂದು ವಾರದ ವಿಕ್ರಿ ನೋಡಿ ಅಂಗಡಿಯ ಲಾಭ-ನಷ್ಟ ಹೇಳಲಾಗದೆಂಬುದು ವ್ಯಾಪಾರಿಗಳಾದ ನಮಗೆಲ್ಲ ಗೊತ್ತಿದೆ. ನೂರೈವತ್ತು ವರ್ಷವೆಂದರೆ ಮಳೆರಾಯನ ಅಂಗಡಿಯಲ್ಲಿ ಒಂದು ವಾರವೂ ಅಲ್ಲ. ಹಾಗಾದರೆ ಸಾವಿರ, ಹತ್ತು ಸಾವಿರ ವರ್ಷಗಳ ಲೆಕ್ಕ ಬರೆದಿಟ್ಟವರು ಯಾರು?

ಬರೆದಿಟ್ಟದ್ದು ಕಡಲು. ಅದರ ತಳದ ಕೆಸರೇ ಕೀರ್ದಿ ಪುಸ್ತಕ. ಈ ತಿಂಗಳು ಆ ಪುಸ್ತಕದ ವಿಷಯವನ್ನೇ ಹೇಳಬೇಕೆಂದಿದ್ದೇವೆ. ನಾವು ಮ್ಯಾಟ್ರಿಕ್‌ವರೆಗೆ ಕಲಿತವರು, ವಿಜ್ಞಾನಿಗಳಲ್ಲ. ಆದರೆ ಲೆಕ್ಕದ ವಹಿ ಓದುವುದು ನಮ್ಮ ಜನ್ಮದ ಉದ್ಯೋಗ. ಕಡಲ ತಳವನ್ನು ಓದುವ ವಿದ್ಯೆಯೂ ಮೂಲದಲ್ಲಿ ಅದೇ ಜಾತಿಯದು.

ಜಮಾ ಪಶ್ಚಿಮದಿಂದ, ಖರ್ಚು ಪೂರ್ವಕ್ಕೆ

ನಮ್ಮ ಊರಿನ ನೀರಿನ ಜಮಾ-ಖರ್ಚು ನೋಡಿರಿ. ಮಳೆ ಬರುವುದು ಪಶ್ಚಿಮದ ಅರಬ್ಬೀ ಸಮುದ್ರದ ಕಡೆಯಿಂದ, ನೈರುತ್ಯದ ಗಾಳಿಯ ಮೇಲೆ. ನೀರು ಹೋಗುವುದು ಪೂರ್ವದ ಬಂಗಾಲ ಉಪಸಾಗರಕ್ಕೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯನ್ನು ಕರಾಡದಲ್ಲಿ ಕೊಯ್ನೆ ಕೂಡುತ್ತದೆ, ಸಾಂಗಲಿ ಹತ್ತಿರದ ಹರಿಪುರದಲ್ಲಿ ವಾರಣೆ ಕೂಡುತ್ತದೆ, ನರಸೋಬಾವಾಡಿಯಲ್ಲಿ ಪಂಚಗಂಗೆ ಕೂಡುತ್ತದೆ. ಖಿದ್ರಾಪುರ ದಾಟಿದರೆ ಕರ್ನಾಟಕ. ಮುಂದೆ ಆಲಮಟ್ಟಿ, ತೆಲಂಗಾಣ, ಆಂಧ್ರ. ಸುಮಾರು ೧,೪೦೦ ಕಿಲೋಮೀಟರು ಹರಿದು ಹಂಸಲದೀವಿಯ ಬಳಿ ಕಡಲು ಸೇರುವುದು.

ನೆರೆಯ ನೀರು ಸುಮ್ಮನೆ ಹೋಗುವುದಿಲ್ಲ. ನಮ್ಮ ಎರೆಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ದಪ್ಪ ಮರಳು ದಾರಿಯಲ್ಲಿ, ಮುಖಜಭೂಮಿಯಲ್ಲಿ ಕೂಡುತ್ತದೆ. ಹಿಟ್ಟಿನಷ್ಟು ನುಣುಪಾದ ಮಣ್ಣು ದೂರದ ಆಳ ನೀರಿನವರೆಗೆ ಹೋಗಿ ನಿಧಾನವಾಗಿ ತಳ ಸೇರುತ್ತದೆ. ಅದರ ಜೊತೆಗೆ ಗಾಳಿ ತಂದ ಧೂಳು, ಹೂವಿನ ಪರಾಗ, ಎಲೆಯ ಮೇಲಿನ ಮೇಣ, ನೀರಲ್ಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳ ಚಿಪ್ಪು ಇವೆಲ್ಲ ಸೇರಿ ಪದರದ ಮೇಲೆ ಪದರ ಕೂಡುತ್ತ ಹೋಗುತ್ತದೆ. ಮೇಲಿನದು ಹೊಸ ನೋಂದು, ಕೆಳಗಿನದು ಹಳೆಯ ನೋಂದು. ಕಡಲು ಈ ವಹಿಯನ್ನು ಎಂದೂ ಬದಲಾಯಿಸುವುದಿಲ್ಲ, ಪಾಡ್ಯದ ದಿನ ಹೊಸದು ಹಾಕುವುದಿಲ್ಲ. ಒಂದೇ ವಹಿ, ಕೋಟಿ ಕೋಟಿ ವರ್ಷಗಳದು.

ಅದು ಬೆಳೆಯುವ ವೇಗ ಎಷ್ಟೆಂದು ಕೇಳೀರಿ. ನದಿಗಳಿಂದ ದೂರವಿರುವ ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಬರೀ ಒಂದೆರಡು ಸೆಂಟಿಮೀಟರು. ಎರಡು ಸೆಂಟಿಮೀಟರಿನ ಲೆಕ್ಕ ಹಿಡಿದರೆ ಮಹಾವೀರ ಸ್ವಾಮಿಗಳ ನಿರ್ವಾಣವಾದ ಕಾಲ ಅಲ್ಲಿ ಮೇಲಿನಿಂದ ಐದೇ ಸೆಂಟಿಮೀಟರು ಕೆಳಗೆ, ಮೂರು ಬೆರಳು ಅಗಲದಷ್ಟು! ನದಿಯ ಮುಖದ ಹತ್ತಿರ ಮಣ್ಣು ಬಹಳ ಬೀಳುವುದರಿಂದ ಅದೇ ಕಾಲ ಎಷ್ಟೋ ಆಳದಲ್ಲಿರುತ್ತದೆ. ಒಂದು ಕಡೆ ಸಣ್ಣಕ್ಷರದ ವಹಿ, ಇನ್ನೊಂದು ಕಡೆ ದೊಡ್ಡಕ್ಷರದ ವಹಿ. ಲಕ್ಷಾಂತರ ವರ್ಷ ನೋಡಬೇಕಾದವರು ಆಳ ಕಡಲಿಗೆ ಹೋಗುತ್ತಾರೆ. ಕೆಲವೇ ಸಾವಿರ ವರ್ಷಗಳನ್ನು ಬಿಡಿಸಿ ನೋಡಬೇಕಾದವರು ನದಿಯ ಮುಖಕ್ಕೆ ಹೋಗುತ್ತಾರೆ.

ಚೀಲಕ್ಕೆ ಚುಚ್ಚಿದಂತೆ

ಪೇಟೆಯಲ್ಲಿ ಮಾಲು ಪರೀಕ್ಷೆ ಮಾಡುವಾಗ ನಾವು ಚೀಲ ಬಿಚ್ಚುವುದಿಲ್ಲ. ಮೊನಚಾದ ಪೊಳ್ಳು ಕೊಳವೆಯನ್ನು ಚುಚ್ಚಿ ಒಳಗಿನ ಕಾಳನ್ನು ಹೊರಗೆ ತೆಗೆದು ಅಂಗೈಯಲ್ಲಿ ಹಾಕಿ ನೋಡುತ್ತೇವೆ. ಕಡಲ ವಿಜ್ಞಾನಿಗಳೂ ಹಡಗಿನಿಂದ ಉದ್ದವಾದ ಉಕ್ಕಿನ ಕೊಳವೆಯನ್ನು ಇಳಿಬಿಟ್ಟು ತಳದ ಕೆಸರಿಗೆ ಚುಚ್ಚಿ, ಪದರ ಕೆಡದಂತೆ ಮೇಲಕ್ಕೆ ಎಳೆಯುತ್ತಾರೆ. ಬ್ರಿಟಿಷರ ‘ಚಾಲೆಂಜರ್’ ಹಡಗು ೧೮೭೨ರಿಂದ ೧೮೭೬ರವರೆಗೆ ಲೋಕದ ಕಡಲುಗಳನ್ನೆಲ್ಲ ಸುತ್ತಿ ತಳದ ಕೆಸರನ್ನು ಸಂಗ್ರಹಿಸಿ ತಂದಿತು. ಆದರೆ ಆಗ ಸಿಕ್ಕದ್ದು ಮೇಲಿನ ಪುಟ ಮಾತ್ರ. ಸ್ವೀಡನ್ನಿನ ಕುಲ್ಲೆನ್‌ಬರ್ಗ್ ಎಂಬವರು ಕೊಳವೆಯೊಳಗೆ ಪಿಸ್ಟನ್ ಇಟ್ಟು ಕೆಸರನ್ನು ಹೀರಿಕೊಳ್ಳುವ ಉಪಾಯ ಕಂಡುಹಿಡಿದರು. ೧೯೪೭-೪೮ರ ‘ಅಲ್ಬಟ್ರಾಸ್’ ಹಡಗಿನ ಯಾತ್ರೆಯಲ್ಲಿ ಅದು ಬಳಕೆಗೆ ಬಂತು. ಮುಂದೆ ಎಣ್ಣೆ ಬಾವಿ ಕೊರೆಯುವ ರೀತಿಯಲ್ಲೇ ಕಡಲ ತಳವನ್ನು ಕೊರೆಯುವ ಹಡಗುಗಳು ಬಂದವು.

ನಮ್ಮ ದೇಶದಲ್ಲಿ ಈ ಕೆಲಸದ ದೊಡ್ಡ ಮನೆ ಗೋವೆಯ ದೋನಾ ಪಾವ್ಲಾದಲ್ಲಿದೆ: ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ. ೧೯೬೬ರ ಜನವರಿಯಲ್ಲಿ ಸ್ಥಾಪನೆಯಾಯಿತು. ಸಂಶೋಧನೆಗಾಗಿಯೇ ‘ಗವೇಷಣಿ’ ಎಂಬ ಹಡಗು, ಅನಂತರ ೧೯೮೩ರಲ್ಲಿ ‘ಸಾಗರ ಕನ್ಯಾ’ ಬಂದವು. ನಮ್ಮ ಜನ ಗೋವೆಗೆ ಹೋದಾಗ ದೋನಾ ಪಾವ್ಲಾದ ದಂಡೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಹತ್ತಿರದಲ್ಲೇ ಇಂಥ ಕೆಲಸ ನಡೆದಿದೆಯೆಂದು ಮಕ್ಕಳಿಗೆ ತೋರಿಸಿದರೆ ಒಳಿತು.

ಗಸಗಸೆಯಷ್ಟು ಚಿಪ್ಪು

ಮೇಲೆ ತಂದ ಕೆಸರನ್ನು ಉದ್ದಕ್ಕೆ ಸೀಳಿ, ಅಂಗುಲ ಅಂಗುಲಕ್ಕೆ ತುಣುಕು ತೆಗೆದು, ಸಣ್ಣ ಜರಡಿಯಲ್ಲಿ ಹಾಕಿ ನೀರಿನಿಂದ ತೊಳೆಯುತ್ತಾರೆ. ಮಣ್ಣು ಹರಿದು ಹೋಗುತ್ತದೆ. ಜರಡಿಯ ಮೇಲೆ ಗಸಗಸೆಯಂಥ, ಅದಕ್ಕಿಂತಲೂ ಸಣ್ಣ ಕಾಳು ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕಾಳೂ ಕೋಣೆ ಕೋಣೆಗಳಾಗಿ ಕಟ್ಟಿದ ಸುಣ್ಣದ ಮನೆ. ಫೊರಾಮಿನಿಫೆರಾ ಎಂಬ ಒಂದೇ ಜೀವಕೋಶದ ಜೀವಿಗಳು ಇವುಗಳನ್ನು ಕಟ್ಟಿಕೊಳ್ಳುತ್ತವೆ. ಕೆಲವು ಮೇಲಿನ ನೀರಿನಲ್ಲಿ ತೇಲುತ್ತವೆ, ಕೆಲವು ತಳದಲ್ಲಿ ಬಾಳುತ್ತವೆ. ಒಂದು ಜಾತಿಗೆ ತಂಪು ಬೇಕು, ಒಂದಕ್ಕೆ ಬಿಸಿ ಬೇಕು. ಯಾವ ಪದರದಲ್ಲಿ ಯಾವ ಜಾತಿ ಎಷ್ಟಿದೆಯೆಂದು ಸಣ್ಣ ಕುಂಚದ ತುದಿಯಿಂದ ಒಂದೊಂದಾಗಿ ಆರಿಸಿ ಎಣಿಸುತ್ತಾರೆ. ಎಣಿಸುವವರ ತಾಳ್ಮೆಗೆ ನಮಸ್ಕಾರ.

ಚಿಪ್ಪಿನೊಳಗೆ ಇನ್ನೊಂದು ಲೆಕ್ಕವಿದೆ. ನೀರಿನಲ್ಲಿರುವ ಆಮ್ಲಜನಕದಲ್ಲಿ ತೂಕದ ಭೇದವುಂಟು: ಹೆಚ್ಚಿನದು ೧೬ರ ತೂಕದ್ದು, ಸ್ವಲ್ಪ ಭಾಗ ೧೮ರ ತೂಕದ್ದು. ಹಗುರಾದದ್ದು ಬೇಗ ಆವಿಯಾಗುತ್ತದೆ. ಲೋಕದಲ್ಲಿ ಚಳಿ ಹೆಚ್ಚಿ ಆ ಆವಿಯೆಲ್ಲ ಹಿಮವಾಗಿ ಉತ್ತರದ ನೆಲದ ಮೇಲೆ ಕೂತುಬಿಟ್ಟರೆ ಕಡಲಲ್ಲಿ ಭಾರದ್ದರ ಪಾಲು ಹೆಚ್ಚುತ್ತದೆ. ಆ ನೀರಿನಿಂದಲೇ ಚಿಪ್ಪು ಕಟ್ಟುವುದರಿಂದ ಚಿಪ್ಪಿನಲ್ಲಿಯೂ ಭಾರದ್ದು ಹೆಚ್ಚುತ್ತದೆ. ಇದಲ್ಲದೆ ನೀರು ತಂಪಾದರೂ ಚಿಪ್ಪು ಭಾರದ್ದನ್ನು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ೧೯೫೫ರಲ್ಲಿ ಚೆಸಾರೆ ಎಮಿಲಿಯಾನಿ ಎಂಬ ವಿಜ್ಞಾನಿ ಕಡಲ ಕೆಸರಿನ ಚಿಪ್ಪುಗಳನ್ನು ಹೀಗೆ ಅಳೆದು, ಹಿಮಯುಗಗಳು ಒಂದಾದ ಮೇಲೊಂದು ಹಲವು ಬಾರಿ ಬಂದುಹೋದದ್ದನ್ನು ತೋರಿಸಿದರು. ಆ ಏರಿಳಿತವನ್ನು ಅವರು ಹೆಚ್ಚಾಗಿ ನೀರಿನ ತಂಪಿನ ಖಾತೆಗೆ ಹಾಕಿದ್ದರು. ೧೯೬೭ರಲ್ಲಿ ನಿಕೋಲಸ್ ಶ್ಯಾಕಲ್‌ಟನ್ ಎಂಬವರು ತಳದಲ್ಲಿ ಬಾಳುವ ಚಿಪ್ಪುಗಳನ್ನು ತಾಳೆ ನೋಡಿದರು. ಆಳದ ನೀರು ಹೇಗೂ ಬಹಳ ತಂಪು. ಅದು ಇನ್ನಷ್ಟು ತಂಪಾಗಲು ಹೆಚ್ಚು ಜಾಗವಿಲ್ಲ. ಅಲ್ಲಿಯೂ ಅಷ್ಟೇ ಏರಿಳಿತ ಕಂಡಿತು. ಆದ್ದರಿಂದ ದೊಡ್ಡ ಪಾಲು ಹಿಮದ ಖಾತೆಗೆ ಸೇರಬೇಕೆಂದು ಸಿದ್ಧವಾಯಿತು. ಮೊತ್ತ ಅದೇ, ಖಾತೆ ಬೇರೆ!

೧೯೭೬ರಲ್ಲಿ ಇದೇ ಶ್ಯಾಕಲ್‌ಟನ್ನರು ಹೇಯ್ಸ್ ಮತ್ತು ಇಂಬ್ರಿ ಎಂಬಿಬ್ಬರೊಡನೆ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಕೆಸರನ್ನು ಓದಿ, ಹಿಮಯುಗಗಳು ಭೂಮಿಯ ಸುತ್ತುವ ರೀತಿಗೆ ಸರಿಯಾಗಿ ಬಂದುಹೋಗುತ್ತವೆಂದು ತೋರಿಸಿದರು. ಭೂಮಿಯ ಕಕ್ಷೆ, ವಾಲಿಕೆ, ತೂಗಾಟಗಳು ಸುಮಾರು ೧,೦೦,೦೦೦, ೪೧,೦೦೦ ಮತ್ತು ೨೩,೦೦೦ ವರ್ಷಗಳ ಅವಧಿಯಲ್ಲಿ ಬದಲಾಗುತ್ತವೆ. ಸೆರ್ಬಿಯಾದ ಮಿಲಾಂಕೊವಿಚ್ ಎಂಬ ಗಣಿತಜ್ಞರು ಇದನ್ನು ಕಾಗದದ ಮೇಲೆ ಮೊದಲೇ ಕೂಡಿಸಿಟ್ಟಿದ್ದರು. ಕಡಲು ಅದಕ್ಕೆ ಸಹಿ ಹಾಕಿತು.

ಪದರಗಳಿಗೆ ಮಿತಿ ಹಾಕುವುದು ಹೇಗೆ? ಚಿಪ್ಪಿನಲ್ಲಿ ಒಂದು ಬಗೆಯ ಇಂಗಾಲವಿದೆ. ಅದು ೫,೭೩೦ ವರ್ಷಕ್ಕೆ ಅರ್ಧ ಕರಗುತ್ತದೆ. ಎಷ್ಟು ಉಳಿದಿದೆಯೆಂದು ಅಳೆದರೆ ಸುಮಾರು ೫೦,೦೦೦ ವರ್ಷಗಳವರೆಗಿನ ವಯಸ್ಸು ತಿಳಿಯುತ್ತದೆ. ಅದರಾಚೆಗೆ ಬೇರೆ ಗುರುತುಗಳುಂಟು. ಸುಮಾರು ೭೪,೦೦೦ ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಹಾರಿದ ಬೂದಿ ಬಂಗಾಲ ಉಪಸಾಗರದಲ್ಲಿಯೂ ಅರಬ್ಬೀ ಸಮುದ್ರದಲ್ಲಿಯೂ ಬಿದ್ದಿದೆ. ಆ ಬೂದಿ ಎಲ್ಲಿ ಸಿಕ್ಕಿತೋ ಅಲ್ಲಿ ಮಿತಿ ಬರೆದಿಟ್ಟಂತೆ.

ಪಶ್ಚಿಮದ ವಹಿ

ಈಗ ನಮ್ಮ ಮಳೆಗೆ ಬರೋಣ. ಮೊದಲು ಜಮಾ ಬಾಜು, ಅಂದರೆ ಪಶ್ಚಿಮದ ಕಡಲು.

ಮಳೆಗಾಲದ ಗಾಳಿ ಓಮಾನ ದೇಶದ ದಂಡೆಯ ಉದ್ದಕ್ಕೆ ಬೀಸಿ ನಮ್ಮ ಕಡೆಗೆ ಬರುತ್ತದೆ. ಅದು ಬೀಸಿದಾಗ ಅಲ್ಲಿ ಮೇಲಿನ ನೀರು ಪಕ್ಕಕ್ಕೆ ಸರಿದು, ಕೆಳಗಿನ ತಂಪು ನೀರು ಉಕ್ಕಿ ಮೇಲೆ ಬರುತ್ತದೆ. ತಂಪು ನೀರು ಬೇಕಾದ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಫೊರಾಮಿನಿಫೆರಾ ಆಗ ಅಲ್ಲಿ ಹುಲುಸಾಗಿ ಬೆಳೆಯುತ್ತದೆ. ಗಾಳಿ ಜೋರಾದಷ್ಟೂ ಅದರ ಚಿಪ್ಪು ಹೆಚ್ಚು. ೧೯೮೭ರಲ್ಲಿ ಕೊರೆಯುವ ಹಡಗೊಂದು ಓಮಾನದ ಎದುರಿನ ಕಡಲಿನಿಂದ ತೆಗೆದ ಕೆಸರಿನಲ್ಲಿ ಈ ಚಿಪ್ಪುಗಳನ್ನು ಎಣಿಸಿ, ಖರಗಪುರದ ಐ.ಐ.ಟಿ.ಯ ಅನಿಲ ಗುಪ್ತಾ ಅವರು ಅಮೆರಿಕದ ಸಂಗಡಿಗರೊಡನೆ ೨೦೦೩ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಳೆದ ಹತ್ತು ಸಾವಿರ ವರ್ಷಗಳ ಮೊದಲ ಭಾಗದಲ್ಲಿ ಗಾಳಿ ಬಹಳ ಜೋರಾಗಿತ್ತು, ಆಮೇಲೆ ಇಳಿಯುತ್ತ ಬಂತು, ನಡುನಡುವೆ ದೀರ್ಘಕಾಲ ಸೊರಗಿದ ಅವಧಿಗಳೂ ಬಂದವು ಎಂದು ಅದರಿಂದ ತಿಳಿಯುತ್ತದೆ. ಆ ಸೊರಗಿದ ಅವಧಿಗಳು ಉತ್ತರ ಅಟ್ಲಾಂಟಿಕ್ ಕಡಲು ತಂಪಾದ ಅವಧಿಗಳಿಗೆ ತಾಳೆ ಬೀಳುತ್ತವೆ. ಎಲ್ಲಿಯ ಅಟ್ಲಾಂಟಿಕ್, ಎಲ್ಲಿಯ ನಮ್ಮ ರೋಹಿಣಿ-ಮೃಗಶಿರಾ! ಗಾಳಿಗೆ ಗಡಿಯಿಲ್ಲ.

ಮೊದಲು ಜೋರಿದ್ದದ್ದೇಕೆ? ಈಗ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲಲ್ಲಿ, ನಮ್ಮ ಚಳಿಗಾಲದಲ್ಲಿ. ಹತ್ತು-ಹನ್ನೊಂದು ಸಾವಿರ ವರ್ಷಗಳ ಹಿಂದೆ ನಮ್ಮ ಬೇಸಿಗೆಯ ಹೊತ್ತಿಗೆ ಹತ್ತಿರ ಬರುತ್ತಿತ್ತು. ನೆಲ ಹೆಚ್ಚು ಕಾಯುತ್ತಿತ್ತು, ಕಡಲ ಗಾಳಿಯನ್ನು ಹೆಚ್ಚು ಸೆಳೆಯುತ್ತಿತ್ತು. ಅದಕ್ಕೂ ಹಿಂದೆ, ೨೦,೦೦೦ ವರ್ಷಗಳ ಸುಮಾರಿಗೆ, ಹಿಮಯುಗ ತುಂಬಿದಾಗ ನಮ್ಮ ಮಳೆ ಬಹಳ ಕ್ಷೀಣವಾಗಿತ್ತು. ಆಗ ಕಡಲ ಮಟ್ಟ ಈಗಿನದಕ್ಕಿಂತ ಸುಮಾರು ೧೨೦ ಮೀಟರು ಕೆಳಗಿತ್ತು. ಕೊಂಕಣದ ದಂಡೆ ಎಷ್ಟೋ ದೂರ ಪಶ್ಚಿಮಕ್ಕೆ ಸರಿದಿತ್ತು.

ಇನ್ನೂ ಹತ್ತಿರದ ಪುಟ ಕಾರವಾರದಲ್ಲಿದೆ. ಕಾಳಿ ನದಿ ಕಡಲಿಗೆ ಬೀಳುವ ಕಡೆ ಮಳೆ ಹೆಚ್ಚಾದ ವರ್ಷ ಸಿಹಿನೀರು ಹೆಚ್ಚು ಬರುತ್ತದೆ, ಉಪ್ಪು ಕಡಿಮೆಯಾಗುತ್ತದೆ. ಬರದ ವರ್ಷ ಉಪ್ಪು ಹೆಚ್ಚುತ್ತದೆ. ಅಲ್ಲಿ ರೊಟಾಲಿಡಿಯಂ ಅನೆಕ್ಟೆನ್ಸ್ ಎಂಬ ಜೀವಿಯುಂಟು. ಅದು ಮೊದಲು ಕಟ್ಟುವ ಕೋಣೆಯ ಗಾತ್ರ ನೀರಿನ ಉಪ್ಪು ಮತ್ತು ಬಿಸಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಗೋವೆಯ ಸಂಸ್ಥೆಯ ರಾಜೀವ ನಿಗಮ್ ಮತ್ತು ಅವರ ಸಂಗಡಿಗರು ಕಾರವಾರದ ಎದುರಿನ ಕೆಸರಿನಲ್ಲಿ ಈ ಕೋಣೆಗಳನ್ನು ಅಳೆದು, ಬರಗಾಲಗಳು ಸುಮಾರು ೭೭ ವರ್ಷಗಳ ಆವರ್ತನೆಯಲ್ಲಿ ಬರುವ ಸೂಚನೆ ಇದೆಯೆಂದು ೧೯೯೫ರಲ್ಲಿ ಪ್ರಕಟಿಸಿದರು. ಇದನ್ನು ಪಂಚಾಂಗದಂತೆ ಹಿಡಿದು ‘ಇಂಥ ವರ್ಷ ಬರ’ ಎಂದು ಹೇಳಿಬಿಡುವುದಲ್ಲ. ಆದರೆ ಒಂದು ಮಾತು ನೋಡಿರಿ: ೭೭ ವರ್ಷವೆಂದರೆ ಒಂದು ಮನುಷ್ಯಾಯುಷ್ಯ. ಅಜ್ಜ ಕಂಡ ಕೆಟ್ಟ ಕಾಲ ಮೊಮ್ಮಗನ ಮುಪ್ಪಿನಲ್ಲಿ ಮತ್ತೆ ಬಂದರೆ, ಎರಡನ್ನೂ ಕಂಡವರು ಯಾರೂ ಇರುವುದಿಲ್ಲ. ಅದಕ್ಕೇ ಪ್ರತಿ ಸಲವೂ ‘ಹಿಂದೆಂದೂ ಇಲ್ಲ’ ಎನ್ನುವಂತಾಗುತ್ತದೆ.

ಪೂರ್ವದ ವಹಿ

ಇನ್ನು ಖರ್ಚಿನ ಬಾಜು. ಇಲ್ಲಿ ನಮ್ಮ ಕೃಷ್ಣೆಗೆ ಅಕ್ಕನಂಥ ಗೋದಾವರಿಯ ಮಾತು ಹೇಳಬೇಕು. ಅದೂ ಸಹ್ಯಾದ್ರಿಯಲ್ಲೇ ಹುಟ್ಟಿ, ನಮ್ಮಂಥದೇ ಕರಿಕಲ್ಲಿನ ಎರೆಭೂಮಿಯನ್ನು ಹಾಯ್ದು, ಕೃಷ್ಣೆಯ ಮಗ್ಗುಲಲ್ಲೇ ಬಂಗಾಲ ಉಪಸಾಗರ ಸೇರುತ್ತದೆ. ೨೦೦೬ರಲ್ಲಿ ಭಾರತ ಸರಕಾರ ‘ಜಾಯ್ಡಿಸ್ ರೆಸೊಲ್ಯೂಶನ್’ ಎಂಬ ಕೊರೆಯುವ ಹಡಗನ್ನು ತರಿಸಿ, ಕಡಲ ತಳದಲ್ಲಿ ಹೆಪ್ಪುಗಟ್ಟಿದ ಇಂಧನ ಅನಿಲವನ್ನು ಹುಡುಕಿಸಿತು. ಹುಡುಕಿದ್ದು ಅನಿಲ, ಜೊತೆಗೆ ಗೋದಾವರಿಯ ಮುಖದ ಎದುರು ಸಾವಿರ ಮೀಟರಿಗೂ ಆಳದ ನೀರಿನ ಕೆಳಗಿಂದ ಮೇಲೆ ಬಂದದ್ದು ದಖ್ಖನದ ಮಳೆಯ ಚರಿತ್ರೆ. ಅದರ ಮೇಲಿನ ಎಂಟು-ಒಂಬತ್ತು ಮೀಟರಿನಲ್ಲಿ ಸುಮಾರು ೧೧,೦೦೦ ವರ್ಷ ಅಡಗಿತ್ತು.

ಇಲ್ಲಿ ಓದಿದ್ದು ಎಲೆಯ ಮೇಣವನ್ನು. ಮಾವು, ಬೇವು, ಭತ್ತ, ಗೋಧಿ ಇವು ಗಾಳಿಯಿಂದ ಇಂಗಾಲ ತೆಗೆದುಕೊಳ್ಳುವ ರೀತಿ ಒಂದು. ಜೋಳ, ಸಜ್ಜೆ, ಕಬ್ಬು ಮತ್ತು ಒಣಭೂಮಿಯ ಹುಲ್ಲುಗಳ ರೀತಿ ಇನ್ನೊಂದು. ಈ ಭೇದ ಅವುಗಳ ಎಲೆಯ ಮೇಣದಲ್ಲಿ ಉಳಿದುಬಿಡುತ್ತದೆ, ಸಾವಿರಾರು ವರ್ಷ ಕೆಸರಿನಲ್ಲಿದ್ದರೂ ಅಳಿಯುವುದಿಲ್ಲ. ೨೦೧೨ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು ೪,೦೦೦ ವರ್ಷಗಳ ಹಿಂದಿನಿಂದ ೧,೭೦೦ ವರ್ಷಗಳ ಹಿಂದಿನವರೆಗೆ ಒಣಹುಲ್ಲಿನ ಮೇಣ ಹೆಚ್ಚುತ್ತ ಬಂದಿದೆ. ಅಂದರೆ ದಖ್ಖನ ಒಣಗುತ್ತ ಬಂದಿದೆ.

ನೆಲದ ಮೇಲಿನ ಸಾಕ್ಷಿಯನ್ನೂ ಕೇಳೋಣ. ಪುಣೆ ಜಿಲ್ಲೆಯ ಇನಾಮಗಾಂವ ಘೋಡ ನದಿಯ ದಂಡೆಯ ಮೇಲಿದೆ. ಘೋಡ ಭೀಮೆಗೆ, ಭೀಮೆ ಕೃಷ್ಣೆಗೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು ೧೯೬೮ರಿಂದ ೧೯೮೩ರವರೆಗೆ ಉತ್ಖನನ ಮಾಡಿದರು. ಮೂರು ಸಾವಿರ ವರ್ಷಗಳ ಹಿಂದಿನ ಒಕ್ಕಲುಗಳ ಊರು ಅದು. ಮೊದಲಿಗೆ ದೊಡ್ಡ ಚೌಕದ ಮನೆಗಳು, ಬಾರ್ಲಿಯ ಬೆಳೆ. ಕೊನೆಗೆ ಸಣ್ಣ ದುಂಡು ಗುಡಿಸಲುಗಳು, ಬಡತನ, ಆಮೇಲೆ ಊರೇ ಬಿಟ್ಟುಹೋದರು. ಮಳೆ ಕಡಿಮೆಯಾದದ್ದೇ ಇದಕ್ಕೆ ಕಾರಣವೆಂದು ಎಂ. ಕೆ. ಧವಳೀಕರ ಅವರು ಕಡಲಿನ ಈ ಕೆಸರು ಮೇಲೆ ಬರುವ ಎಷ್ಟೋ ವರ್ಷ ಮೊದಲೇ ಹೇಳಿದ್ದರು. ನೆಲದ ವಹಿ, ಕಡಲ ವಹಿ ತಾಳೆ ಬಿದ್ದವು.

ಆ ಕೆಸರಿನಲ್ಲಿ ಇನ್ನೊಂದು ಸಂಗತಿಯಿದೆ. ನಮ್ಮ ರೈತ ಬಾಂಧವರು ಮನಸ್ಸಿಟ್ಟು ಕೇಳಬೇಕಾದದ್ದು. ಮಣ್ಣು ಯಾವ ಕಲ್ಲಿನಿಂದ ಬಂತೆಂಬುದನ್ನು ನಿಯೋಡಿಮಿಯಂ ಎಂಬ ಧಾತುವಿನಿಂದ ತಿಳಿಯುತ್ತಾರೆ. ನಮ್ಮ ಕರಿಕಲ್ಲಿನದೇ ಒಂದು ಗುರುತು, ಪೂರ್ವಘಟ್ಟದ ಹಳೆಯ ಕಲ್ಲಿನದೇ ಒಂದು ಗುರುತು. ೨೦೧೭ರ ಅಧ್ಯಯನದಲ್ಲಿ ಕಂಡದ್ದು ಇದು: ಮಳೆ ಕಡಿಮೆಯಾಗುತ್ತ ಬಂದ ಆ ಕಾಲದಲ್ಲಿಯೇ ದಖ್ಖನದಿಂದ ಕೊಚ್ಚಿಹೋದ ಮಣ್ಣು ಹೆಚ್ಚಿತು. ಕೇಳಲು ವಿಪರೀತವೆನಿಸುತ್ತದೆ. ಮಳೆ ಕಡಿಮೆಯಾದರೆ ಕೊಚ್ಚುವುದೂ ಕಡಿಮೆಯಾಗಬೇಕಲ್ಲವೇ? ಹಾಗಲ್ಲ. ಮಳೆ ಕಡಿಮೆಯಾಗಿ ಗಿಡ-ಹುಲ್ಲು ತೆಳುವಾದವು. ಒಕ್ಕಲುತನ ಹರಡಿ ನೆಲ ಬತ್ತಲೆಯಾಯಿತು. ಬೀಳುವ ಮಳೆ ಬೀಳುವಾಗ ಒಮ್ಮೆಲೇ ಬಿದ್ದು ಬತ್ತಲೆ ನೆಲವನ್ನು ತೊಳೆದೊಯ್ದಿತು. ಮಣ್ಣನ್ನು ಹಿಡಿಯುವುದು ಮೇಲಿನ ಹಸಿರು. ಇದನ್ನು ಯಾವ ಭಾಷಣಕಾರರೂ ಹೇಳಿದ್ದಲ್ಲ, ಸಾವಿರಾರು ವರ್ಷಗಳ ವಹಿ ಹೇಳಿದ್ದು.

ಓದುವವರಿಗೆ ಎಚ್ಚರಿಕೆ

ಇಷ್ಟೆಲ್ಲ ಕೇಳಿ ಕಡಲ ಕೀರ್ದಿ ತಪ್ಪೇ ಇಲ್ಲದ್ದೆಂದು ತಿಳಿಯಬಾರದು. ನೋಂದು ಸುಳ್ಳಲ್ಲ, ಆದರೆ ಓದುವುದು ತಪ್ಪಬಹುದು. ನಮ್ಮ ವಹಿಗಳನ್ನು ಗೆದ್ದಲು ತಿನ್ನುವಂತೆ ಅಲ್ಲಿಯೂ ಹುಳುಗಳಿವೆ. ಮೇಲಿನ ಹತ್ತು ಸೆಂಟಿಮೀಟರಿನಷ್ಟು ಕೆಸರನ್ನು ಅಗೆದು ಕಲಸುತ್ತವೆ. ಅರಬ್ಬೀ ಸಮುದ್ರದ ಮಧ್ಯದ ಆಳದಲ್ಲಿ ಆಮ್ಲಜನಕ ಬಹಳ ಕಡಿಮೆ. ಅಂಥಲ್ಲಿ ಹುಳುಗಳ ಕಾಟ ಕಡಿಮೆಯಾಗಿ ಪದರಗಳು ಸ್ಪಷ್ಟವಾಗಿ ಉಳಿಯುತ್ತವೆ. ಕೆಲವೆಡೆ ಇಳಿಜಾರಿನ ಕೆಸರೆಲ್ಲ ಕುಸಿದು ಪುಟಗಳು ಹಿಂದುಮುಂದಾಗಿರುತ್ತವೆ. ೨೦೧೫ರಲ್ಲಿ ನಮ್ಮ ಪಶ್ಚಿಮ ಕಡಲಿನ ಲಕ್ಷ್ಮೀ ಬೇಸಿನ್ ಎಂಬಲ್ಲಿ ತಳದಿಂದ ಸಾವಿರದ ನೂರು ಮೀಟರಿನವರೆಗೆ ಕೊರೆದಾಗ, ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಕುಸಿದ ಅಂಥ ದೊಡ್ಡ ರಾಶಿಯೇ ಸಿಕ್ಕಿತು. ಅದಕ್ಕೇ ಒಂದೇ ಸಾಕ್ಷಿಯನ್ನು ನಂಬದೆ ಚಿಪ್ಪು, ಮೇಣ, ಮಣ್ಣು, ಪರಾಗ ಎಲ್ಲವನ್ನೂ ತಾಳೆ ಹಾಕುತ್ತಾರೆ.

ನಮ್ಮ ಮನಸ್ಸಿಗೆ ಒಂದು ಉದಾಹರಣೆ ಬರುತ್ತದೆ. ನಾಲ್ಕು ಸಾವಿರ ವರ್ಷಗಳ ಮೇಲೆ ಯಾರೋ ಬಂದು ಕೃಷ್ಣೆಯ ಮುಖದಲ್ಲಿ ಕೊಳವೆ ಚುಚ್ಚಿ ನಮ್ಮ ಕಾಲದ ಪದರ ತೆಗೆದರೆನ್ನಿ. ಅದರಲ್ಲಿ ನಮ್ಮ ಶಿರೋಳ, ಸಾಂಗಲಿ, ಅಥಣಿ ಭಾಗದ ಕಬ್ಬಿನ ಮೇಣ ಸಿಗುತ್ತದೆ. ಕಬ್ಬಿನ ಗುರುತು ಒಣಹುಲ್ಲಿನ ಗುರುತೇ! ಮೇಣ ಒಂ‌ದನ್ನೇ ನೋಡಿದವರು ‘ಅಯ್ಯೋ, ಆ ಕಾಲದಲ್ಲಿ ಕೃಷ್ಣೆಯ ತೀರ ಒಣಗಿ ಹೋಗಿತ್ತು’ ಎಂದು ಬರೆದಾರು. ಇಲ್ಲಿ ನೋಡಿದರೆ ಅತಿಯಾಗಿ ನೀರು ಹಾಯಿಸಿ ಎಷ್ಟೋ ಜಮೀನು ಸವಳಾಗಿ ಬಿದ್ದಿದೆ! ಇನ್ನುಳಿದ ಸಾಕ್ಷಿಗಳನ್ನು ಕೇಳಿದರೆ ಮಾತ್ರ ನಿಜ ತಿಳಿದೀತು.

ಇನ್ನೊಂದು ಮಾತು. ಈಗ ನಮ್ಮ ನೋಂದು ಪೂರ್ತಿಯಾಗಿ ಕಡಲು ಮುಟ್ಟುವುದೂ ಇಲ್ಲ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಹೀಗೆ ಕಟ್ಟೆಗಳ ಹಿಂದೆಯೇ ಹೆಚ್ಚಿನ ಹೂಳು ನಿಂತುಬಿಡುತ್ತದೆ. ಕಟ್ಟೆಗಳಿಂದ ಅನ್ನ ಸಿಕ್ಕಿದೆ, ಅದನ್ನು ಮರೆಯಬಾರದು. ಆದರೆ ಮೇಲಿನ ಹೊಲ ಮಣ್ಣು ಕಳೆದುಕೊಳ್ಳುತ್ತದೆ, ಕೆಳಗಿನ ಮುಖಜಭೂಮಿಗೆ ಅದು ಸಿಗುವುದಿಲ್ಲ, ಅಲ್ಲಿಯ ದಂಡೆಯನ್ನು ಕೆಲವೆಡೆ ಕಡಲು ತಿನ್ನುತ್ತಿದೆ. ಕೊಟ್ಟವನ ಖಾತೆಯಲ್ಲಿ ಖರ್ಚು ಬಿದ್ದಿದೆ, ತೆಗೆದುಕೊಳ್ಳಬೇಕಾದವನ ಖಾತೆಯಲ್ಲಿ ಜಮಾ ಇಲ್ಲ.

ನಾವು ಮಾಡಬಹುದಾದದ್ದು

ಇಷ್ಟು ಓದಿ ‘ನಮಗೇನು ಪ್ರಯೋಜನ?’ ಎಂದು ಕೇಳುವವರಿಗೆ ನಮ್ಮ ಉತ್ತರ ಮೂರು.

ಮೊದಲನೆಯದು, ‘ಹಿಂದೆಂದೂ ಇಲ್ಲ, ಮುಂದೂ ಇಲ್ಲ’ ಎಂಬ ಧೈರ್ಯ ಬಿಡಬೇಕು. ಮಳೆ ಎಂದೂ ಒಂದೇ ಸಮನಾಗಿ ನಿಂತದ್ದಲ್ಲವೆಂದು ಕಡಲ ವಹಿ ಸಾಕ್ಷಿ ಹೇಳುತ್ತದೆ. ಅದರ ಮೇಲೆ ಈಗ ನಾವೇ ಸುಟ್ಟ ಕಲ್ಲಿದ್ದಲು, ಎಣ್ಣೆಗಳಿಂದ ಗಾಳಿ ಬಿಸಿಯಾಗುತ್ತಿದೆ. ಬಿಸಿಗಾಳಿ ಹೆಚ್ಚು ಆವಿ ಹೊರುತ್ತದೆ, ಸುರಿದರೆ ಒಮ್ಮೆಲೇ ಸುರಿಯುತ್ತದೆ. ನೆರೆಯ ಪಟ್ಟಿಯಲ್ಲಿ ಹೊಸ ಮನೆ ಕಟ್ಟುವವರು, ಗೋದಾಮು ಹಾಕುವವರು ೨೦೧೯ರ ಗುರುತನ್ನೇ ಕೊನೆಯ ಗುರುತೆಂದು ತಿಳಿಯಬಾರದು. ಅದಕ್ಕಿಂತ ಮೇಲೆಯೇ ಅಟ್ಟ ಮಾಡಿಸಿಕೊಳ್ಳುವುದು ಜಾಣತನ.

ಎರಡನೆಯದು, ಹೊಲದ ಒಡ್ಡು ಬತ್ತಲೆ ಬಿಡಬಾರದು. ಒಡ್ಡಿನ ಮೇಲೆ ಹುಲ್ಲು, ಹೊಳೆಯ ದಂಡೆಗೆ ಗಿಡ, ಕಬ್ಬಿನ ರವದಿ ಸುಡದೆ ನೆಲಕ್ಕೆ ಹೊದಿಸುವುದು, ಇವು ಖರ್ಚಿಲ್ಲದ ಕೆಲಸ. ಒಂದು ಮಳೆಗೆ ಹೋದ ಮಣ್ಣನ್ನು ಮಕ್ಕಳ ಕಾಲದಲ್ಲಿಯೂ ಮರಳಿ ತರಲಾಗದು.

ಮೂರನೆಯದು ವ್ಯಾಪಾರಿ ಮನೆತನಗಳಿಗೆ. ನಮ್ಮ ಅಟ್ಟಗಳ ಮೇಲೆ ಕೆಂಪು ಬಟ್ಟೆಯ ಹಳೆಯ ವಹಿಗಳಿವೆ, ಹಲವು ಮೋಡಿ ಅಕ್ಷರದವು. ಓದಲು ಬಾರದೆಂದು ರದ್ದಿಯವರಿಗೆ ತೂಗಿ ಕೊಡುತ್ತಿದ್ದೇವೆ. ಜೋಳದ ಧಾರಣೆ ಯಾವ ವರ್ಷ ಏರಿತು, ಬೆಲ್ಲ ಯಾವ ವರ್ಷ ಬರಲೇ ಇಲ್ಲ, ಹೊಳೆಯ ನೀರು ಪೇಟೆಗೆ ಬಂದು ಅಂಗಡಿ ಎಷ್ಟು ದಿನ ಮುಚ್ಚಿತು, ಯಾವ ರೈತರ ಬಾಕಿ ಬರದಿಂದ ಮುಂದಕ್ಕೆ ಹೋಯಿತು, ಎಲ್ಲವೂ ಮಿತಿ ಸಹಿತ ಅವುಗಳಲ್ಲಿದೆ. ಕಡಲ ಕೆಸರಿನಲ್ಲಿ ವರ್ಷ ವರ್ಷದ ವಿವರ ಸಿಗುವುದು ಕಷ್ಟ. ನಮ್ಮ ವಹಿಯಲ್ಲಿ ದಿನ ದಿನದ್ದಿದೆ. ಕೊಲ್ಲಾಪುರದಲ್ಲಿ ಮೋಡಿ ಬಲ್ಲವರು ಇನ್ನೂ ಇದ್ದಾರೆ. ಹಣದ ಗುಟ್ಟು ಬೇಡವಾದರೆ ಆ ಪುಟ ಮುಚ್ಚಿಡಿರಿ, ಮಳೆ-ಬೆಳೆಯ ಪುಟವನ್ನು ಓದಿಸಿ ಬರೆಯಿಸಿರಿ. ಹಾಗೆಯೇ ಮನೆಯ ಗೋಡೆಯ ಮೇಲೆ ನೆರೆ ಮುಟ್ಟಿದ ಗೆರೆಯನ್ನು ಸುಣ್ಣ ಬಳಿಯುವಾಗ ಅಳಿಸಬೇಡಿರಿ. ಪಕ್ಕದಲ್ಲಿ ಇಸವಿ, ತಿಂಗಳು, ತಾರೀಖು ಬರೆದಿಡಿರಿ.

ಇಂಥ ಹಳೆಯ ನೋಂದು ಯಾರ ಮನೆಯಲ್ಲಾದರೂ ಸಿಕ್ಕರೆ ಅದರ ಒಂದು ನಕಲನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿರಿ. ಹತ್ತು ಮನೆಗಳಿಂದ ಬಂದರೆ ತಾಳೆ ನೋಡಿ ಇದೇ ಅಂಕಣದಲ್ಲಿ ವಾಚಕರ ಮುಂದಿಡುತ್ತೇವೆ.